ಹೊರಗೋಡೆಯ ಮಾತು

ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳನ್ನು ದಾಟಿ ಬೀದರಿಗೆ ಸಾಗುವ ಹಾದಿಯು ಒಂದು ರಾಜಧಾನಿಯಿಂದ ಇನ್ನೊಂದು ರಾಜಧಾನಿಗೆ ಹೋಗುವ ಹಾದಿ. 1347ರಲ್ಲಿ ತಲೆಯೆತ್ತಿದ ಬಹಮನಿ ರಾಜ್ಯವು 15ನೆಯ ಶತಮಾನದ ಮೊದಲಾರ್ಧದಲ್ಲಿ ತನ್ನ ಸಿಂಹಾಸನವನ್ನು ಬೀದರಿಗೆ ಸಾಗಿಸಿತು. ಸಿಂಹಾಸನ ಹೋಯಿತು, ಕಲಬುರಗಿಯ ಕೋಟೆಯೊಳಗಣ ಜಾಮಿ ಮಸೀದಿ ಉಳಿಯಿತು.

ಇದನ್ನು ನೋಡಬಂದವರು ಸಾಮಾನ್ಯವಾಗಿ ನೇರವಾಗಿ ಒಳಹೊಕ್ಕು, ಸಾಲುಗಟ್ಟಿದ ಕಮಾನುಗಳಿಗೆ ಬೆರಗಾಗಿ, ಸ್ಪೇನ್ ದೇಶದ ಕಾರ್ಡೋಬಾ ಮಸೀದಿಯನ್ನು ನೆನೆಯುವುದುಂಟು. ಹೋಲಿಕೆ ಹಿತವಾದುದೇ. ಆದರೆ ಹೊರಗೆ ಬಂದು ಕಟ್ಟಡವನ್ನು ಒಮ್ಮೆ ಸುತ್ತಿದರೆ ಅದು ನಿಲ್ಲಲಾರದು. ಕಾರ್ಡೋಬಾದಲ್ಲಿ ವಿಶಾಲವಾದ ತೆರೆದ ಅಂಗಳವಿದೆ; ಕಲಬುರಗಿಯಲ್ಲಿ ಅಂಗಳವೇ ಇಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ನೆಲವೆಲ್ಲ ಮಾಳಿಗೆಯಡಿ ಇದೆ.

ಹಾಗಾದರೆ ಇಷ್ಟು ದೊಡ್ಡ ಮಾಳಿಗೆಯ ನಡುವಿಗೆ ಬೆಳಕು ಬರುವುದೆಲ್ಲಿಂದ? ಉತ್ತರವಿರುವುದು ಹೊರಗೋಡೆಯಲ್ಲಿ. ಪಡುವಣ ಗೋಡೆಯೊಂದು ಮುಚ್ಚಿದೆ; ಪ್ರಾರ್ಥನೆಯ ಮುಖ ಅತ್ತಲೇ. ಉಳಿದ ಮೂರು ಕಡೆಗಳಲ್ಲಿ ಗೋಡೆಯ ಬದಲು ಕಮಾನುಗಳಿವೆ. ಅವು ಕುಳ್ಳಗಿನ ಕಂಬಗಳ ಮೇಲಿಂದ ಎದ್ದು, ಎತ್ತರಕ್ಕಿಂತ ಅಗಲವನ್ನೇ ಬಯಸಿ ಬಾಗಿವೆ. ಅಂಗಳ ಮಾಡಬೇಕಾದ ಕೆಲಸವನ್ನು ಇಲ್ಲಿ ಅಂಚು ಮಾಡುತ್ತದೆ. 19ನೆಯ ಶತಮಾನದಲ್ಲಿಯೇ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಜಾಣ್ಮೆಯನ್ನು ಗುರುತಿಸಿದ್ದನು. ಮೇಲೆ 63 ಚಿಕ್ಕ ಗುಮ್ಮಟಗಳು, ಮೂಲೆಗೊಂದರಂತೆ ನಾಲ್ಕು, ಪಡುವಣದಲ್ಲಿ ಚೌಕ ಪೀಠದ ಮೇಲೆ ಎತ್ತಿ ನಿಲ್ಲಿಸಿದ ಹಿರಿಯ ಗುಮ್ಮಟವೊಂದು. ಮುಗಿಲು ಮುಟ್ಟುವ ಮಿನಾರುಗಳಿಲ್ಲ.

ಶಿಲಾಲೇಖವು ಕಜ್ವೀನಿನ ರಫಿ ಎಂಬವನನ್ನೂ 1367ನೆಯ ಇಸವಿಯನ್ನೂ ಹೇಳುತ್ತದೆ. ಆಗ ಆಳುತ್ತಿದ್ದವನು ಒಂದನೆಯ ಮಹಮ್ಮದ್ ಷಾ. ಆದರೆ ದಖ್ಖನದ ಮುಂದಿನ ಶಿಲ್ಪಿಗಳು ಈ ಮಾದರಿಯನ್ನು ಹಿಡಿಯಲಿಲ್ಲ. ಬಿಜಾಪುರದ ಜಾಮಿ ಮಸೀದಿ ಮತ್ತೆ ಅಂಗಳಕ್ಕೇ ಮರಳಿತು. ಮೂರು ದಿಕ್ಕಿಗೂ ತೆರೆದ ಈ ಕಟ್ಟಡವು ಮೊದಲು ಅರಸನ ಸಭಾಮಂಟಪವಾಗಿತ್ತೇ ಎಂಬ ಪ್ರಶ್ನೆಯನ್ನೂ ಈಚಿನ ವಿದ್ವಾಂಸರು ಎತ್ತಿದ್ದಾರೆ. ಆ ವಾದವನ್ನು ಒಪ್ಪಬೇಕಾಗಿಲ್ಲ. ಶಾಸನದ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಒಳಗಿನ ಚೆಲುವನ್ನಷ್ಟೇ ಕಂಡು ದೂರದ ದೇಶದ ಹೆಸರು ಹೇಳಿ ಹಿಂದಿರುಗಿದವನಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಕೋಟೆಗೆ ಹೋದಾಗ ತಾವು ಒಳಹೊಗುವ ಮುನ್ನ ಒಂದು ಸುತ್ತು ಬನ್ನಿ. ನಮ್ಮ ಊರಿನ ಕಲ್ಲಿಗೆ ಹೇಳಲು ತನ್ನದೇ ಮಾತಿದೆ. ಅದಕ್ಕೆ ಕಾರ್ಡೋಬಾದ ಸಾಕ್ಷಿ ಬೇಕಿಲ್ಲ.