ಮೊದಲ ಸಲ ಒಬ್ಬಳೇ: ಡರ್ವ್ಲಾ ಮರ್ಫಿಯ ಸೈಕಲ್ ರಜೆ

ಸೈಕಲ್ಲಿನಲ್ಲಿ ದೂರ ಹೋದವರ ಕತೆ ಬಂದಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಮೈಲಿ, ಎಷ್ಟು ದೇಶ, ಎಷ್ಟು ದಿನ? ಆ ದೊಡ್ಡ ಪ್ರಯಾಣಕ್ಕೆ ಮುಂಚೆ ಅವರು ಮಾಡಿದ ಸಣ್ಣ ಪ್ರಯಾಣ ಯಾವುದು, ಮೊದಲ ಸಲ ಮನೆಯಿಂದ ಒಂಟಿಯಾಗಿ ಹೊರಟದ್ದು ಯಾವಾಗ ಅಂತ ಕೇಳುವವರು ಕಡಿಮೆ. ನನಗೋ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಇಷ್ಟ. ಅದಕ್ಕೇ ಇವತ್ತು ಡರ್ವ್ಲಾ ಮರ್ಫಿ ಎಂಬ ಐರ್ಲೆಂಡಿನ ಹೆಂಗಸಿನ ಬಗ್ಗೆ ಬರೆಯುತ್ತಿದ್ದೇನೆ.

ಈ ಹೆಸರು ಕೊಡಗಿನ ಕಡೆಯವರಿಗೆ ಗೊತ್ತಿದ್ದರೂ ಇರಬಹುದು. 1976ರಲ್ಲಿ ಆಕೆ ಕೊಡಗಿನ ಮೇಲೆ ಒಂದು ಪುಸ್ತಕವನ್ನೇ ಬರೆದಳು, 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಅಂತ. ಐದು ವರ್ಷದ ಮಗಳು ರೇಚೆಲ್‌ಳನ್ನು ಕರೆದುಕೊಂಡು, ಕಡಿಮೆ ದುಡ್ಡಿನಲ್ಲಿ ದಕ್ಷಿಣ ಭಾರತ ಸುತ್ತಿದ ಕತೆ ಅದು. ಅದರಲ್ಲಿ ಸೈಕಲ್ ಇಲ್ಲ. ಸೈಕಲ್ಲಿನ ಕತೆ ಅದಕ್ಕಿಂತ ಹಿಂದಿನದು.

ಮೊದಲು ಸ್ವಲ್ಪ ಹಿನ್ನೆಲೆ. ಸೈಕಲ್ ಪ್ರವಾಸ ಅನ್ನುವುದು ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಟ್ಟಿದ ಹುಚ್ಚು. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘ ಶುರುವಾದದ್ದು 1878ರಲ್ಲಿ. ಆಗಿನ್ನೂ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುತ್ತಿದ್ದ ಗಾಡಿಗಳ ಕಾಲ. ಥಾಮಸ್ ಸ್ಟೀವನ್ಸ್ ಎಂಬಾತ ಅಂಥದ್ದೇ ಗಾಡಿ ಹತ್ತಿ 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, 1886ರ ಡಿಸೆಂಬರಿನಲ್ಲಿ ಜಪಾನಿನ ಯೋಕೋಹಾಮಾ ಸೇರಿ ಜಗತ್ತು ಸುತ್ತಿದ. ನಡುವೆ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರಾಂಡ್ ಟ್ರಂಕ್ ರಸ್ತೆಯಲ್ಲೂ ತುಳಿದ. 1885ರಲ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ 'ರೋವರ್' ಬಂತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಡನ್‌ಲಪ್ ಎಂಬ ದನದ ಡಾಕ್ಟರು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅಲ್ಲಿಗೆ ಸೈಕಲ್ಲು ಸಾಹಸಿಗಳ ಕೈಯಿಂದ ಜನಸಾಮಾನ್ಯರ ಕೈಗೆ ಬಂತು. ನಮ್ಮಲ್ಲೂ 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಪಾರ್ಸಿ ಹುಡುಗರು ಜಗತ್ತು ಸುತ್ತಲು ಹೊರಟರು. 1928ರಲ್ಲಿ ಸುತ್ತು ಮುಗಿಸಿ ಬಂದವರು ಮೂವರು.

ಇವೆಲ್ಲ ಹೊರಟ ದಿನವೇ ಸಾಹಸ ಅಂತ ಗೊತ್ತಿದ್ದ ಪ್ರಯಾಣಗಳು. ಡರ್ವ್ಲಾಳ ಮೊದಲ ಪ್ರಯಾಣ ಹಾಗಲ್ಲ. ಅದು ಬರೀ ರಜೆ. ಆದರೆ ಆ ರಜೆ ಸಿಗುವುದಕ್ಕೆ ಆಕೆ ಎಷ್ಟು ವರ್ಷ ಕಾಯಬೇಕಾಯಿತು ಅನ್ನುವುದೇ ನಿಜವಾದ ಕತೆ.

ಆಕೆ ಹುಟ್ಟಿದ್ದು 1931ರ ನವೆಂಬರ್ 28ರಂದು, ವಾಟರ್‌ಫರ್ಡ್ ಜಿಲ್ಲೆಯ ಲಿಸ್ಮೋರ್ ಎಂಬ ಚಿಕ್ಕ ಊರಿನಲ್ಲಿ. ಅಪ್ಪ ಜಿಲ್ಲಾ ಗ್ರಂಥಾಲಯದ ಅಧಿಕಾರಿ. ಮನೆ ತುಂಬ ಪುಸ್ತಕ, ಕೈಯಲ್ಲಿ ಕಾಸಿಲ್ಲ. ಮಗಳು ಇನ್ನೂ ಮಗುವಾಗಿದ್ದಾಗಲೇ ಅಮ್ಮನಿಗೆ ಸಂಧಿವಾತ ಬಂದು ಕೈಕಾಲು ಸ್ವಾಧೀನ ತಪ್ಪುತ್ತ ಹೋಯಿತು. ಒಬ್ಬಳೇ ಮಗಳು. ಹತ್ತನೇ ಹುಟ್ಟುಹಬ್ಬಕ್ಕೆ ಆಕೆಗೆ ಸಿಕ್ಕಿದ್ದು ಎರಡು ಉಡುಗೊರೆ, ಒಂದು ಹಳೇ ಸೈಕಲ್ಲು, ಇನ್ನೊಂದು ಹಳೇ ಅಟ್ಲಾಸು. ಕೆಲವೇ ದಿನಗಳ ನಂತರ ಊರ ಹತ್ತಿರದ ದಿಬ್ಬ ಹತ್ತುವಾಗ ತನ್ನ ಕಾಲುಗಳನ್ನೇ ನೋಡಿಕೊಂಡು, ಹೀಗೇ ತುಳಿಯುತ್ತಾ ಹೋದರೆ ಇಂಡಿಯಾ ಮುಟ್ಟಬಹುದಲ್ಲ ಅಂದುಕೊಂಡಳಂತೆ. ಅದು 1941. ಈ ಮಾತನ್ನು ಆಕೆ ಯಾರಿಗೂ ಹೇಳಲಿಲ್ಲ. ದೊಡ್ಡವರು ನಗುತ್ತಾರೆ ಅಂತ ಗೊತ್ತಿತ್ತು.

ಹದಿನಾಲ್ಕಕ್ಕೆ ಶಾಲೆ ಬಿಟ್ಟಳು, ಅಮ್ಮನನ್ನು ನೋಡಿಕೊಳ್ಳುವುದಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ನಮಗೆ ಪರದೇಶದ ಕತೆಯೇ ಅಲ್ಲ. ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಎಬ್ಬಿಸಿ ಕೂರಿಸುವುದು, ಸ್ನಾನ ಮಾಡಿಸುವುದು, ಊಟ, ಔಷಧಿ, ರಾತ್ರಿ ಕರೆದಾಗ ಏಳುವುದು. ಇಷ್ಟನ್ನೂ ಮಾಡುವವಳು ಸಾಮಾನ್ಯವಾಗಿ ಮನೆಯ ಒಬ್ಬಳೇ ಹೆಣ್ಣುಮಗಳು. ಎಲ್ಲರೂ ಅವಳನ್ನು ಹೊಗಳುತ್ತಾರೆ. ಆದರೆ ಹದಿನೈದು ದಿನ ನಾನು ನೋಡಿಕೊಳ್ಳುತ್ತೇನೆ, ನೀನು ಎಲ್ಲಾದರೂ ಹೋಗಿ ಬಾ ಅನ್ನುವವರು ಎಷ್ಟು ಜನ?

ಡರ್ವ್ಲಾ ಮೊದಲ ಸಲ ಸಮುದ್ರ ದಾಟಿ ಸೈಕಲ್ ರಜೆಗೆ ಹೋದದ್ದು 1951ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಹೋದದ್ದು ಪಕ್ಕದಲ್ಲೇ ಇರುವ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡಿಗೆ. ಹತ್ತು ವರ್ಷ ಇಂಡಿಯಾದ ಕನಸು ಕಂಡವಳಿಗೆ ಸಿಕ್ಕಿದ್ದು ಇಷ್ಟೇ.

ಆ ಕಾಲ ಹೇಗಿತ್ತು ನೋಡಿ. ಯುದ್ಧ ಮುಗಿದು ಆರು ವರ್ಷವಾಗಿತ್ತು. ಆದರೂ ಬ್ರಿಟನ್ನಿನಲ್ಲಿ ಮಾಂಸಕ್ಕೆ, ಸಕ್ಕರೆಗೆ ಇನ್ನೂ ರೇಷನ್ನು. ಅದು ಪೂರ್ತಿ ಹೋದದ್ದು 1954ರಲ್ಲಿ. ಕಾರಿರುವವರು ಕಡಿಮೆ, ರಸ್ತೆಗಳು ಸೈಕಲ್ಲಿನವರಿಗೆ ಹಿತವಾಗಿದ್ದವು. ದುಡ್ಡಿಲ್ಲದ ಪ್ರವಾಸಿಗರಿಗೆ ಯೂತ್ ಹಾಸ್ಟೆಲ್ಲುಗಳಿದ್ದವು. ಜರ್ಮನಿಯ ಒಬ್ಬ ಮೇಷ್ಟ್ರು, ರಿಚರ್ಡ್ ಶಿರ್‌ಮನ್, 1909ರಲ್ಲಿ ಯೋಚಿಸಿದ ಈ ವ್ಯವಸ್ಥೆ 1930ರಲ್ಲಿ ಇಂಗ್ಲೆಂಡಿಗೆ, 1931ರಲ್ಲಿ ಐರ್ಲೆಂಡಿಗೆ ಬಂತು. ನಡೆದು ಅಥವಾ ತುಳಿದು ಬಂದವರಿಗೆ ಜಾಗ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಮಲಗುವ ಕೋಣೆ, ಬೆಳಿಗ್ಗೆ ಹೊರಡುವ ಮೊದಲು ಗುಡಿಸುವುದೋ ಪಾತ್ರೆ ತೊಳೆಯುವುದೋ ಒಂದು ಕೆಲಸ ಮಾಡಿ ಹೋಗಬೇಕು. ಒಂಟಿ ಹೆಣ್ಣುಮಗಳು ಸೈಕಲ್ ಹತ್ತಿ ಹೊರಡುವುದು ಇಂಥ ಏರ್ಪಾಡುಗಳಿಂದ ಎಷ್ಟೋ ಸಲೀಸಾಯಿತು. ಧೈರ್ಯ ಬೇಕು ನಿಜ, ಆದರೆ ಧೈರ್ಯವೊಂದೇ ಸಾಲದು. ರಾತ್ರಿ ಬಾಗಿಲು ಹಾಕಿಕೊಂಡು ಮಲಗಲು ಒಂದು ಅಗ್ಗದ ಜಾಗವೂ ಬೇಕು.

ಆ ರಜೆ ಮುಗಿಸಿ ಆಕೆ ಮನೆಗೆ ವಾಪಸ್ಸಾದಳು, ಅದೇ ಹಾಸಿಗೆ, ಅದೇ ಔಷಧಿ. ಮತ್ತೆ 1952ರಲ್ಲಿ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್. 1954 ಮತ್ತು 1956ರಲ್ಲಿ ಸ್ಪೇನ್. ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಅಲೆಮಾರಿ ಹುಡುಗಿ ಅನ್ನಿಸುತ್ತದೆ. ನಡುವಿನ ವರ್ಷಗಳನ್ನು ಲೆಕ್ಕ ಹಾಕಿದರೆ ಬೇರೆಯದೇ ಕಾಣುತ್ತದೆ. ಹತ್ತಾರು ತಿಂಗಳ ಚಾಕರಿ, ಕೆಲವು ವಾರಗಳ ಬಿಡುಗಡೆ, ಮತ್ತೆ ಚಾಕರಿ. ಆದರೂ ಪ್ರತಿ ಸಲ ಸ್ವಲ್ಪ ಇನ್ನೂ ದೂರ. ಮೊದಲು ತನ್ನ ಭಾಷೆಯೇ ಆಡುವ ನಾಡು, ಆಮೇಲೆ ಭಾಷೆ ಬರದ ನಾಡು, ಆಮೇಲೆ ಫ್ರಾಂಕೋನ ಸರ್ವಾಧಿಕಾರದ ನಾಡು. ಪತ್ರಿಕೆಗಳಿಗೆ ಲೇಖನ ಬರೆದಳು. ಸ್ಪೇನಿನ ಮೇಲೆ ಒಂದು ಪುಸ್ತಕ ಬರೆದಳು, ಪ್ರಕಾಶಕರು ಬೇಡ ಅಂದರು.

ಅಮ್ಮನ ಕಾಯಿಲೆ ಹೆಚ್ಚುತ್ತ ಹೋದಂತೆ ಬಾಗಿಲು ಮುಚ್ಚುತ್ತ ಬಂತು. 1961ರಲ್ಲಿ ಅಪ್ಪ ತೀರಿಕೊಂಡರು. 1962ರಲ್ಲಿ ಅಮ್ಮ. 1979ರಲ್ಲಿ ಬಂದ 'ವೀಲ್ಸ್ ವಿದಿನ್ ವೀಲ್ಸ್' ಎಂಬ ಆತ್ಮಕತೆಯಲ್ಲಿ ಡರ್ವ್ಲಾ ಆ ವರ್ಷಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಅಮ್ಮನ ಮೇಲಿನ ಪ್ರೀತಿ, ಸಿಟ್ಟು, ದಣಿವು, ಕೊನೆಗೆ ಬಂದ ಬಿಡುಗಡೆಯ ಭಾವ, ಎಲ್ಲವನ್ನೂ. ನಮ್ಮಲ್ಲಿ ಇದನ್ನು ಹೇಳಿಕೊಳ್ಳುವವರು ಕಡಿಮೆ. ಹಾಗಂತ ಅನುಭವಿಸಿದವರು ಕಡಿಮೆ ಅಂತ ಅಲ್ಲ.

1963ರ ಜನವರಿಯಲ್ಲಿ, ಯೂರೋಪು ಎಷ್ಟೋ ವರ್ಷಗಳಲ್ಲಿ ಕಾಣದಂಥ ಚಳಿಯಲ್ಲಿ, ಆಕೆ ಹೊರಟಳು. ಸೈಕಲ್ಲಿನ ಹೆಸರು ರಾಜ್, ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೋಸಿನಾಂಟೆಯ ಮೋಟು ರೂಪ. ಏಷ್ಯಾದ ರಸ್ತೆಗಳಲ್ಲಿ ಗೇರು ಬಾಳುವುದಿಲ್ಲ ಅಂತ ಅದನ್ನು ಕಿತ್ತೇ ಹಾಕಿದ್ದಳು. ಬದಲಿ ಟೈರುಗಳನ್ನು ದಾರಿಯ ಊರುಗಳಿಗೆ ಮುಂಚೆಯೇ ಕಳಿಸಿದ್ದಳು. ಜೇಬಲ್ಲಿ ಒಂದು ಪಿಸ್ತೂಲು. ಇರಾನಿನಲ್ಲಿ ಸೈಕಲ್ ಕದಿಯಲು ಬಂದವರನ್ನು ಹೆದರಿಸಲು ಅದು ಬೇಕಾಯಿತು. ಆಫ್ಘಾನಿಸ್ತಾನದಲ್ಲಿ ಬಸ್ಸಿನೊಳಗೆ ಬಂದೂಕಿನ ಹಿಡಿ ಬಡಿದು ಮೂರು ಪಕ್ಕೆಲುಬು ಮುರಿದವು. ಆದರೂ ಆ ದೇಶದ ಜನರನ್ನು ಕೊನೆಯವರೆಗೂ ಹೊಗಳಿದಳು. ಜುಲೈಯಲ್ಲಿ ದೆಹಲಿ ಮುಟ್ಟಿದಳು. ಆಮೇಲೆ ಧರ್ಮಶಾಲೆಯಲ್ಲಿ ಟಿಬೆಟ್ಟಿನ ನಿರಾಶ್ರಿತ ಮಕ್ಕಳ ಆರೈಕೆಗೆ ನಿಂತಳು. ನೋಡಿಕೊಳ್ಳುವ ಕೆಲಸ ಆಕೆಗೆ ಹೊಸದಾಗಿರಲಿಲ್ಲ ನೋಡಿ. ಈ ಪ್ರಯಾಣದ ಪುಸ್ತಕ 'ಫುಲ್ ಟಿಲ್ಟ್' 1965ರಲ್ಲಿ ಬಂತು. ಈ ಸಲ ಪ್ರಕಾಶಕರು ಬೇಡ ಅನ್ನಲಿಲ್ಲ.

ಜಗತ್ತು ನೆನಪಿಟ್ಟುಕೊಂಡದ್ದು 1963ನ್ನು. ನನಗೆ ಅನ್ನಿಸುವುದು, 1951 ಇಲ್ಲದಿದ್ದರೆ 1963 ಬೇರೆ ಥರ ಆಗುತ್ತಿತ್ತು. ದಿನಕ್ಕೆ ಎಷ್ಟು ತುಳಿಯಬಲ್ಲೆ, ಎಷ್ಟು ಸಾಮಾನು ಹೆಚ್ಚು, ಎಷ್ಟು ದುಡ್ಡು ಸಾಕು, ಸಂಜೆ ಒಂಟಿತನ ಕಾಡಿದರೆ ಏನು ಮಾಡಬೇಕು, ಇವನ್ನೆಲ್ಲ ಅಟ್ಲಾಸು ಹೇಳಿಕೊಡುವುದಿಲ್ಲ. ಅದಕ್ಕೊಂದು ಹತ್ತಿರದ ಊರು, ಸಣ್ಣ ರಜೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾನಿಲ್ಲದೆಯೂ ಮನೆ ಕೆಲವು ದಿನ ನಡೆಯುತ್ತದೆ ಅನ್ನುವುದು ಹೋಗಿ ಬಂದ ಮೇಲಷ್ಟೇ ನಂಬಿಕೆಗೆ ಬರುವ ಸಂಗತಿ.

ಡರ್ವ್ಲಾ ಮರ್ಫಿ 2022ರ ಮೇ 22ರಂದು ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು, ಅದೇ ಲಿಸ್ಮೋರಿನಲ್ಲಿ. ಜಗತ್ತೆಲ್ಲ ಸುತ್ತಿದವಳು ಮನೆ ಮಾತ್ರ ಆ ಊರಲ್ಲೇ ಇಟ್ಟುಕೊಂಡಿದ್ದಳು. ನಿಮ್ಮ ಮನೆಯಲ್ಲೂ ವರ್ಷಗಟ್ಟಲೆ ಯಾರನ್ನೋ ನೋಡಿಕೊಳ್ಳುತ್ತಿರುವ ಅಕ್ಕನೋ ಚಿಕ್ಕಮ್ಮನೋ ಇದ್ದರೆ, ಹೊಗಳಿಕೆ ಆಮೇಲಾಗಲಿ. ಮೊದಲು ಒಂದು ವಾರ ಅವರ ಜಾಗದಲ್ಲಿ ಕೂತುಕೊಳ್ಳಿ. ಅವರು ಸೈಕಲ್ಲೇ ಹತ್ತಬೇಕು ಅಂತೇನಿಲ್ಲ, ಬಸ್ಸಾದರೂ ಆದೀತು.