ತುಣುಕು

ತುಣುಕು (ನಾಮಪದ): ಖಂಡ, ಚೂರು. ಕತ್ತರಿಸಲ್ಪಡು ಎಂಬರ್ಥದ ತಮಿಳಿನ ‘ತುಣಿ’ಗೆ ದಾಯಾದಿಯಾದ ಅಚ್ಚ ದ್ರಾವಿಡ ಪದವಿದು, ಆಂಗ್ಲರ ‘ಸ್ನಿಪೆಟ್’ ಕೂಡ ಕತ್ತರಿಸುವ ಕ್ರಿಯೆಯಿಂದಲೇ ಜನಿಸಿತೆಂಬುದು ಕೌತುಕಾಸ್ಪದವಾದ ಸಾಮ್ಯ. ಬೆಲ್ಲಕ್ಕೂ ಬಟ್ಟೆಗೂ ಸಲ್ಲುತ್ತಿದ್ದ ಈ ನುಡಿ, ಹೆಬ್ಬಾಳದ ಸಮೀಪದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಜಾಲಪುಟಗಳನ್ನು ಹೆಣೆಯುವವರು ‘ಸ್ನಿಪೆಟ್’ ಎನ್ನುವುದಕ್ಕೆ ಕನ್ನಡ ಬರಹದಲ್ಲಿ ‘ಕೋಡ್ ತುಣುಕು’ ಎಂಬ ರೂಪದಿಂದ ಒದಗಿಬಂದಿದೆ.

ಆದರೆ ಅರ್ಥವು ಇಲ್ಲಿ ಕಿಂಚಿತ್ ತಿರುಗಿದೆ: ಲೋಕದ ತುಣುಕು ಪೂರ್ಣದಿಂದ ಮುರಿದುಳಿದದ್ದು, ಇದಾದರೋ ಪೂರ್ಣವನ್ನೇ ಹಡೆಯುವಂಥದು. ವಿಎಸ್ ಕೋಡ್ ಸಂಪಾದಕದಲ್ಲಿ ಎಚ್‌ಟಿಎಂಎಲ್ ಕಡತವನ್ನು ತೆರೆದು, ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಬರೆದು ಟ್ಯಾಬ್ ಕೀಲಿಯನ್ನು ಒತ್ತಿದೊಡನೆ, ಎಮ್ಮೆಟ್ ಎಂಬ ಸಾಧನವು ಶಿರ-ಕಾಯಗಳೆರಡನ್ನೂ ಒಳಗೊಂಡ ಪುಟದ ಅಸ್ಥಿಪಂಜರವನ್ನೇ ಮುಂದಿರಿಸುತ್ತದೆ. ಬೀಜವೆಂದರೂ ಒಪ್ಪುತ್ತಿತ್ತು, ಆದರೂ ‘ತುಣುಕು’ ಎಂಬುದರ ವಿನಯವೇ ಸೊಗಸು.