ದಂಡಿನ ಪೀಪಾಯಿ, ಡಾರ್ಜಿಲಿಂಗ್ ಬಿದಿರು, ನಮ್ಮ ರಾಗಿ

ಜಗಳ ಶುರುವಾಗಿದ್ದು ಒಂದು ಲೋಟ ರಾಗಿ ಬಿಯರ್‌ನಿಂದ. ಕೋರ್ಸ್ ಮುಗಿಸಿ ಊರೂರು ಚದುರಿದ ನಾವು ಐದು ಜನ ವರ್ಷಕ್ಕೊಮ್ಮೆ ಎಲ್ಲಾದರೂ ಸೇರುತ್ತೇವೆ. ಈ ಸಲ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೂತಿದ್ದೆವು. ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲ್ ಹಂಡೆಗಳು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪಟ್ಟಿ. ಅದರಲ್ಲೊಂದು ಹೆಸರು: ರಾಗಿ ಏಲ್. ನಮ್ಮಲ್ಲಿ ಮೂವರು ಮುದ್ದೆ ಉಂಡು ಬೆಳೆದವರು. ನೋಡದೆ ಬಿಡುವುದುಂಟೇ? ತರಿಸಿದೆವು. ಮಣ್ಣಿನ ಬಣ್ಣ, ಹುರಿದ ಹಿಟ್ಟಿನ ಘಮ, ಕೊನೆಗೆ ನಾಲಿಗೆಯ ಬುಡದಲ್ಲಿ ಸ್ವಲ್ಪ ಒಗರು. ಚೆನ್ನಾಗಿತ್ತು.

ರಾಯಚೂರಿನ ಗೆಳತಿ ಕುಡಿಯುವವಳಲ್ಲ. ನಿಂಬೆ ಸೋಡಾ ಹಿಡಿದು ಆ ಬೋರ್ಡನ್ನೇ ನೋಡುತ್ತಿದ್ದವಳು ಕೇಳಿದಳು: "ನಮ್ಮೂರಾಗ ಇದನ್ನ ಗಡಿಗ್ಯಾಗ ಹಾಕಿಟ್ರ ಎಕ್ಸೈಜ್‌ನವ್ರು ಬಂದು ಒಡೀತಾರ. ಇಲ್ಲಿ ಬೋರ್ಡ್ ಬರದು ಮಾರಾಕತ್ಯಾರ. ಏನ್ ಫರಕ್ ಐತಿ, ಹೇಳ್ರಪ್ಪಾ."

ಲೈಸೆನ್ಸ್ ಇದೆ ಅನ್ನುವುದು ಸುಲಭದ ಉತ್ತರ. ಅದು ಅವಳಿಗೂ ಗೊತ್ತು, ಬಿಡಿ. ಯಾರಿಗೆ ಲೈಸೆನ್ಸ್ ಸಿಕ್ಕಿತು, ಯಾವ ಕಾಳಿಗೆ ಸಿಕ್ಕಿತು ಎಂದು ಹಿಂದಕ್ಕೆ ಹುಡುಕುತ್ತಾ ಹೋದಾಗ ನಮಗೆ ಸಿಕ್ಕ ಕತೆ ಇದು.

ಬೆಂಗಳೂರಿಗೆ ಬಿಯರ್ ಬಂದದ್ದು ದಂಡಿನ ಜೊತೆ. 1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷರ ಕಂಟೋನ್ಮೆಂಟ್ ಎದ್ದಿತು. ನಮ್ಮ ಹಳಬರು ಅದನ್ನು ದಂಡು ಎಂದೇ ಕರೆದರು, ಈಗಲೂ ಆ ಹೆಸರಿನ ರೈಲು ನಿಲ್ದಾಣವಿದೆ. ಗೋರಾ ಸಿಪಾಯಿಗೆ ಊಟದಷ್ಟೇ ಬಿಯರೂ ಮುಖ್ಯ. ಆಗೆಲ್ಲ ಅದು ಇಂಗ್ಲೆಂಡಿನಿಂದ ಹಡಗಿನಲ್ಲಿ, ಗುಡ್‌ಹೋಪ್ ಭೂಶಿರ ಸುತ್ತಿ, ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕುಲುಕಾಡುತ್ತಾ ಬರಬೇಕಿತ್ತು.

ಇಲ್ಲೊಂದು ಕತೆಯನ್ನು ಕ್ರಾಫ್ಟ್ ಬಿಯರ್ ಪ್ರಿಯರೆಲ್ಲ ಹೇಳುತ್ತಾರೆ. ದೂರದ ಪಯಣದಲ್ಲಿ ಬಿಯರ್ ಕೆಡದಿರಲೆಂದು ಲಂಡನ್ನಿನ ಹಾಡ್ಜ್‌ಸನ್ ಎಂಬಾತ ಕಹಿ ಹೂವಾದ ಹಾಪ್ಸ್ ಅನ್ನು ಹೆಚ್ಚು ಸುರಿದು 'ಇಂಡಿಯಾ ಪೇಲ್ ಏಲ್' ಕಂಡುಹಿಡಿದ ಎಂಬ ಕತೆ. ಕೇಳಲು ಸೊಗಸು. ಆದರೆ ಬಿಯರಿನ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಬಿಸಿ ದೇಶಗಳಿಗೆ ಕಳಿಸುವಾಗ ಹಾಪ್ಸ್ ಹೆಚ್ಚು ಹಾಕಬೇಕೆಂಬುದು ಅಲ್ಲಿನ ತಯಾರಕರಿಗೆ ಮೊದಲೇ ಗೊತ್ತಿತ್ತು. ಹಾಡ್ಜ್‌ಸನ್ ಗೆದ್ದದ್ದು ಬೇರೆ ಕಾರಣಕ್ಕೆ. ಅವನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಜಾಗಕ್ಕೆ ಹತ್ತಿರವಿತ್ತು, ಕಪ್ತಾನರಿಗೆ ಅವನು ಉದ್ದನೆಯ ಉದ್ದರಿ ಕೊಡುತ್ತಿದ್ದ. ಕಿರಾಣಿ ಅಂಗಡಿಯ ಲೆಕ್ಕ, ಅಷ್ಟೇ. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್‌ಸಾಪ್, ಬಾಸ್ ಕಂಪನಿಗಳು ಅವನ ಮಾರುಕಟ್ಟೆಯನ್ನು ಕಿತ್ತುಕೊಂಡವು. ಅಂದಹಾಗೆ, ಆ ಪೇಲ್ ಏಲ್ ಅಧಿಕಾರಿಗಳ ಮೇಜಿನದು. ಸಾಮಾನ್ಯ ಸಿಪಾಯಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕಪ್ಪು ಬಣ್ಣದ ಪೋರ್ಟರ್. ಬಿಯರಿನಲ್ಲೂ ಮೇಲು ಕೀಳು ಆಗಲೇ ಇತ್ತು.

ಹಡಗಿನ ಖರ್ಚು ತಪ್ಪಿಸಲು ಇಲ್ಲೇ ಬ್ರೂವರಿ ಕಟ್ಟುವ ಯೋಚನೆ ಬಂತು. ಎಡ್ವರ್ಡ್ ಡಯರ್ ಎಂಬಾತ 1855ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಶುರುಮಾಡಿದ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಜನರಲ್ ಡಯರ್ ಇವನ ಮಗ. 1860ರಲ್ಲಿ ಮರ್ರಿ ಬ್ರೂವರಿ ಬಂತು. ಬಿಯರ್ ಹುದುಗಲು ತಂಪು ಬೇಕು, ಅದಕ್ಕೇ ಎಲ್ಲರೂ ಬೆಟ್ಟ ಹತ್ತಿದರು. ದಕ್ಷಿಣದಲ್ಲಿ ನೀಲಗಿರಿ, ಬೆಂಗಳೂರು ಅವರಿಗೆ ಒಗ್ಗಿದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ದೊಡ್ಡ ಮರದ ಪೀಪಾಯಿಗಳಲ್ಲಿ ಅದು ದಂಡುಗಳಿಗೆ ಹೋಗುತ್ತಿತ್ತು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರು. ಆ ಬ್ರೂವರಿ ಇದ್ದ ಜಾಗದಲ್ಲೇ ಇವತ್ತಿನ ಯುಬಿ ಸಿಟಿ ನಿಂತಿದೆ. ಮುಂದಿನ ರಸ್ತೆ ಮೊದಲು ಗ್ರಾಂಟ್ ರಸ್ತೆ, ಈಗ ವಿಠಲ ಮಲ್ಯ ರಸ್ತೆ.

ಈ ನೂರಿನ್ನೂರು ವರ್ಷಗಳ ಕತೆಯಲ್ಲಿ ನಾವು ಎಲ್ಲೆಲ್ಲಿ ಹುಡುಕಿದರೂ ಕಾಣಿಸದ್ದು ಒಂದೇ: ಬೆಂಗಳೂರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಬೆಳೆಯುತ್ತಿದ್ದ ರಾಗಿ. ಬಾರ್ಲಿ ಹೊರಗಿನದು, ಹಾಪ್ಸ್ ಹೊರಗಿನದು. ನೀರು, ಕೂಲಿ ಮಾತ್ರ ನಮ್ಮವು. ದಂಡಿನ ಆಚೆಯ ಪೇಟೆಯಲ್ಲಿ ಜನ ಕುಡಿಯುತ್ತಿದ್ದದ್ದು ಹೆಂಡ, ಸಾರಾಯಿ. ಕನ್ನಡ ಸಾಹಿತ್ಯದ ಅತಿ ಪ್ರಸಿದ್ಧ ಕುಡುಕನಾದ ರಾಜರತ್ನಂ ಅವರ ರತ್ನನೂ ಹೆಂಡದವನೇ, ಬಿಯರಿನವನಲ್ಲ.

ರಾಗಿಯಿಂದ ಬಿಯರ್ ಆಗುವುದಿಲ್ಲವೇ? ಆ ಮೈಕ್ರೋಬ್ರೂವರಿಯಲ್ಲಿ ಹಂಡೆ ನೋಡಿಕೊಳ್ಳುವ ಹುಡುಗನನ್ನೇ ಕೇಳಿದೆವು. ಅವನ ವಿವರಣೆ ಚೆನ್ನಾಗಿತ್ತು. ಮೊಳಕೆ ಕಟ್ಟಿ ಒಣಗಿಸಿದ ಕಾಳನ್ನು ಬಿಸಿನೀರಿನಲ್ಲಿ ನೆನೆಸಿದಾಗ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಇದರಲ್ಲಿ ರಾಗಿ ಹಿಂದೆ ಬೀಳುವ ಕಾಳಲ್ಲ. ನಮ್ಮ ಅಜ್ಜಿಯರು ಎಳೆಮಕ್ಕಳಿಗೆ ಮೊಳಕೆ ರಾಗಿಯ ಗಂಜಿ ತಿನ್ನಿಸುವುದರ ಹಿಂದೆ ಇರುವುದೂ ಇದೇ ಕ್ರಿಯೆ. ತೊಡಕು ಬರುವುದು ಸೋಸುವಾಗ. ಬಾರ್ಲಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ಹಂಡೆಯ ತಳದಲ್ಲಿ ಆ ಹೊಟ್ಟೇ ಜರಡಿಯಾಗಿ ನಿಂತು ಸಿಹಿನೀರನ್ನು ತಿಳಿಯಾಗಿ ಇಳಿಸುತ್ತದೆ. ರಾಗಿಗೆ ಹೊಟ್ಟಿಲ್ಲ, ಅಂಟಂಟಾಗಿ ಕೂತುಬಿಡುತ್ತದೆ. "ನಲ್ಲಿ ಕಟ್ಕೊಂಡ್ರೆ ಅರ್ಧ ದಿನ ಹೋಯ್ತು ಸಾರ್," ಎಂದ. ಹಾಗಾಗಿ ರಾಗಿ ಏಲ್‌ನಲ್ಲೂ ಬಾರ್ಲಿಯದೇ ದೊಡ್ಡ ಪಾಲು, ರಾಗಿ ಜೊತೆಗಾರ.

ಇದನ್ನು ಕೇಳುತ್ತಿದ್ದಂತೆ ನಮ್ಮಲ್ಲಿ ಇಬ್ಬರಿಗೆ ಡಾರ್ಜಿಲಿಂಗ್ ನೆನಪಾಯಿತು.

ಎರಡು ವರ್ಷದ ಹಿಂದೆ ಚಹಾ ತೋಟದ ಕಾರ್ಮಿಕರ ಬಗ್ಗೆ ಬರೆಯಲು ಅತ್ತ ಹೋಗಿದ್ದೆವು. ಡಿಸೆಂಬರ್ ಚಳಿ, ಸಂಜೆ ನಾಲ್ಕೂವರೆಗೇ ಕತ್ತಲು. ಉಳಿದುಕೊಂಡಿದ್ದ ಮನೆಯ ಯಜಮಾನಿ ಬಿದಿರಿನ ಉದ್ದನೆಯ ಪಾತ್ರೆಯೊಂದನ್ನು ಮುಂದಿಟ್ಟಳು. ತುಂಬಾ ಕಂದು ಬಣ್ಣದ ಕಾಳು, ಮಧ್ಯೆ ಬಿದಿರಿನ ಒಂದು ಕೊಳವೆ. ಮೇಲೆ ಕುದಿನೀರು ಹೊಯ್ದು, ಐದು ನಿಮಿಷ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಇದೇನು ಕಾಳು ಎಂದರೆ "ಕೋದೋ" ಅಂದಳು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನೋಡಿದರೆ ರಾಗಿ! ಬೆಂದು, ಉಬ್ಬಿ, ಹುಳಿ ವಾಸನೆ ಹೊಡೆಯುತ್ತಿದ್ದರೂ ಅಪ್ಪಟ ರಾಗಿ.

ಅದರ ಹೆಸರು ತೋಂಗ್ಬಾ. ಪೂರ್ವ ನೇಪಾಳ, ಡಾರ್ಜಿಲಿಂಗ್, ಸಿಕ್ಕಿಂ ಭಾಗದ ಲಿಂಬು ಜನರ ಪಾನೀಯ. ರಾಗಿಯನ್ನು ಬೇಯಿಸಿ, ಬಸಿದು, ಆರಿಸಿ, ಮರ್ಚಾ ಎಂಬ ಹುದುಗಿನ ಬಿಲ್ಲೆಯನ್ನು ಪುಡಿ ಮಾಡಿ ಬೆರೆಸುತ್ತಾರೆ. ಆಮೇಲೆ ಮುಚ್ಚಿಟ್ಟು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಸೋಸುವ ಗೋಜೇ ಇಲ್ಲ. ಕೊಳವೆಯ ತಳ ಮುಚ್ಚಿರುತ್ತದೆ, ಪಕ್ಕದಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ರಸ ಬರುತ್ತದೆ, ಕಾಳು ಬರುವುದಿಲ್ಲ. ಬಾರ್ಲಿಯ ಹೊಟ್ಟು ಮಾಡುವ ಕೆಲಸವನ್ನು ಇಲ್ಲಿ ಕೊಳವೆಯೇ ಮಾಡಿಬಿಡುತ್ತದೆ. ನಮ್ಮವನೊಬ್ಬ ಅವಸರಕ್ಕೆ ಕೊಳವೆಯನ್ನೇ ಸೌಟು ಮಾಡಿಕೊಂಡು ಕಲಕಿದ, ಸೀಳುಗಳೆಲ್ಲ ಕಟ್ಟಿಕೊಂಡವು. ಯಜಮಾನಿ ನಕ್ಕು, ಕೊಳವೆ ತೊಳೆದು ಕೊಟ್ಟಳು. ರುಚಿ? ಬೆಚ್ಚಗಿನ ಹುಳಿ, ಹಿಂದೆ ಸಣ್ಣ ಸಿಹಿ, ಹಳೇ ಅಂಬಲಿಯ ನೆನಪು. ಖಾಲಿಯಾದಂತೆ ಮತ್ತೆ ಬಿಸಿನೀರು. ಮೂರು ನಾಲ್ಕು ಸಲ ಹೊಯ್ದರೂ ಕಾಳು ಸೋಲಲಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನೂ ಆಗಿರಲಿಲ್ಲ. ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜೋಸೆಫ್ ಡಾಲ್ಟನ್ ಹೂಕರ್ 1848ರಿಂದ ಎರಡು ಮೂರು ವರ್ಷ ಸಿಕ್ಕಿಂ ಸೀಮೆಯಲ್ಲಿ ಅಲೆದವನು. ಹೋದಲ್ಲೆಲ್ಲ ಅವನಿಗೆ ಈ ರಾಗಿ ಬಿಯರಿನ ಸತ್ಕಾರ. ಅಲ್ಲಿ ಅದಕ್ಕೆ ಮುರ್ವಾ ಎಂಬ ಹೆಸರು. ಬಿದಿರಿನ ಪಾತ್ರೆ, ಬಿಸಿನೀರು, ಹೀರುವ ಕೊಳವೆ ಎಲ್ಲವನ್ನೂ ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟ. ಪುಸ್ತಕ ಬಂದದ್ದು 1854ರಲ್ಲಿ, ಕಸೌಲಿಯ ಬ್ರೂವರಿಗೆ ಒಂದು ವರ್ಷ ಮೊದಲು. ರಾಗಿಯಿಂದ ಬಿಯರ್ ಆಗುತ್ತದೆಂದು ಓದಿ ತಿಳಿಯಬಹುದಾಗಿದ್ದ ಆಳರಸರು ಬಾರ್ಲಿಯ ಹಿಂದೆ ಹೋದರು. ಅವರಿಗೆ ಬೇಕಿದ್ದದ್ದು ಊರಿನ ನೆನಪು, ನಮ್ಮ ಕಾಳಲ್ಲ. ಅದನ್ನು ತಪ್ಪೆನ್ನಲು ನಮಗೆ ಮನಸ್ಸಿಲ್ಲ. ದುಬೈಗೆ ಹೋದ ನಮ್ಮವರೂ ರಾಗಿ ಹಿಟ್ಟು ಹೊತ್ತುಕೊಂಡೇ ಹೋಗುತ್ತಾರೆ.

ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮಲ್ಲಿಗೆ ಬಂತು. ಯಾವಾಗ ಎಂಬ ವಾದ ಮುಗಿದಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕಿತು ಎನ್ನಲಾದ ಹಳೆಯ ರಾಗಿಯನ್ನೂ ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಮೂಲದ ಊರಿನಲ್ಲಿ ರಾಗಿ ಇವತ್ತಿಗೂ ಬಿಯರಿನ ಕಾಳು. ಉಗಾಂಡಾದ ತೇಸೋ ಜನ ರಾಗಿಯಿಂದ ಅಜೋನ್ ಎಂಬ ಬಿಯರ್ ಮಾಡುತ್ತಾರೆ. ನಡುವೆ ಒಂದು ಮಡಕೆ, ಅದಕ್ಕೆ ಬಿಸಿನೀರು, ಸುತ್ತ ಕೂತವರ ಕೈಯಲ್ಲಿ ಮಾರುದ್ದದ ಕೊಳವೆಗಳು, ತುದಿಯಲ್ಲಿ ಹೆಣೆದ ಸಣ್ಣ ಜರಡಿ. ಡಾರ್ಜಿಲಿಂಗಿನ ಯಜಮಾನಿ ಅದನ್ನು ನೋಡಿದರೆ ತಕ್ಷಣ ಗುರುತಿಸಿಯಾಳು. ಅತ್ತ ಉಗಾಂಡಾ, ಇತ್ತ ಹಿಮಾಲಯ. ನಡುವೆ ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ನಾವು ಮುದ್ದೆ, ಅಂಬಲಿ, ರೊಟ್ಟಿಯಲ್ಲಿ ನಿಂತೆವು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ಗೆದ್ದ ರಾಗಿ, ಬಾರ್ಲಿಯ ಎದುರು ಕಣಕ್ಕೇ ಇಳಿಯಲಿಲ್ಲ.

ಇಳಿದದ್ದು ತೀರಾ ಈಚೆಗೆ. 2010ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳಿಗೆ ದಾರಿ ತೆರೆಯಿತು. ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಸಣ್ಣ ಬ್ರೂವರಿಗಳು. ಇಂದಿರಾನಗರ, ಲ್ಯಾವೆಲ್ ರಸ್ತೆ, ವೈಟ್‌ಫೀಲ್ಡ್‌ಗಳಲ್ಲಿ ಒಂದಾದ ಮೇಲೊಂದು ಬಂದವು. ಬೆಲ್ಜಿಯಂ, ಜರ್ಮನಿ ಶೈಲಿಗಳನ್ನು ಮಾಡಿ ಕೈಪಳಗಿದ ಮೇಲೆ ಕೆಲವರು ರಾಗಿಯತ್ತ ತಿರುಗಿದರು. ನಮಗೆ ಇದು ಸಂತೋಷವೇ. ಆದರೆ ರಾಯಚೂರಿನವಳ ಪ್ರಶ್ನೆ ಹಾಗೇ ಉಳಿಯಿತಲ್ಲ.

ಇದಕ್ಕೆ ಸ್ವಲ್ಪವೇ ಮೊದಲು, 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿತ್ತು. ಪ್ಯಾಕೆಟ್ ಸಾರಾಯಿ ಎಷ್ಟು ಮನೆ ಮುರಿಯಿತೆಂದು ನಮಗೆ ಯಾರೂ ಹೇಳಬೇಕಿಲ್ಲ. ನಮ್ಮ ಐವರಲ್ಲಿ ಒಬ್ಬನ ಅಪ್ಪ ಅದರಲ್ಲೇ ಹೋದರು. ನಿಷೇಧದ ನಂತರ ಹಳ್ಳಿಗೆ ಬಂದದ್ದು ಅಗ್ಗದ ವಿಸ್ಕಿ, ರಮ್ಮು, ಟೆಟ್ರಾ ಪ್ಯಾಕಿನಲ್ಲಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಗೆಳತಿ ಎರಡು ದಿನ ಅವರ ಜೊತೆ ನಡೆದಿದ್ದಳು, ಅಂಗಾಲು ಬೊಕ್ಕೆ ಎದ್ದಿತ್ತು. ಅವರು ಬೆಂಗಳೂರು ಮುಟ್ಟಿದ ಸಂಜೆಯೂ ಈ ಹಂಡೆಗಳು ಕುದಿಯುತ್ತಿದ್ದವು. ಹಾಗೆಂದು ಹಳ್ಳಿಯಲ್ಲೂ ಗಡಿಗೆ ಇಡಲಿ ಎನ್ನುವ ಧೈರ್ಯ ನಮಗಿಲ್ಲ. ಅವಳೂ ಅದನ್ನು ಕೇಳಲಿಲ್ಲ. ಅವಳ ಸಿಟ್ಟು ಮಾತಿನ ಮೇಲೆ: ಇಲ್ಲಿ ಕುಡಿದವನು ರುಚಿ ಬಲ್ಲವನು, ಅಲ್ಲಿ ಕುಡಿದವನು ಕುಡುಕ.

ಬಿಲ್ ಬಂತು. ರಾಗಿ ಏಲ್‌ಗೆ ಮುನ್ನೂರು ದಾಟಿತ್ತು. ಅರ್ಧ ಲೀಟರ್ ಬಿಯರಿಗೆ ಸುಮಾರು ನೂರು ಗ್ರಾಂ ಕಾಳು ಸಾಕು. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಪೂರ್ತಿ ರಾಗಿಯದೇ ಎಂದುಕೊಂಡರೂ ರೈತನ ಪಾಲು ಲೋಟಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಉಳಿದದ್ದರಲ್ಲಿ ತೆರಿಗೆ, ಬಾಡಿಗೆ, ಸಂಬಳ ಎಲ್ಲ ಇದೆ, ನಿಜ. ಲೆಕ್ಕ ಹಾಕಿದವನು ತುರುವೇಕೆರೆಯವನು, ಮನೆಯಲ್ಲಿ ಎರಡು ಎಕರೆ ರಾಗಿ. ದುಡ್ಡು ಕೊಟ್ಟವನೂ ಅವನೇ.

ಹಿಂಬದಿಯ ಗೇಟಿನಿಂದ ಹೊರಬಂದಾಗ ಒಂದು ಟಾಟಾ ಏಸ್ ನಿಂತಿತ್ತು. ರಸ ಹಿಂಡಿದ ಕಾಳನ್ನು ನೀಲಿ ಡ್ರಮ್ಮುಗಳಿಂದ ಚೀಲಕ್ಕೆ ತುಂಬುತ್ತಿದ್ದರು, ಹಬೆ ಇನ್ನೂ ಏಳುತ್ತಿತ್ತು. ಹೈನುಗಾರರು ಬಿಯರ್ ವೇಸ್ಟ್ ಎಂದೇ ಕರೆಯುವ ಇದು ಹಸುಗಳ ಮೇವು. ಡ್ರೈವರ್ ಹೊಸಕೋಟೆ ಕಡೆಯವನು. ಇವತ್ತಿನದರಲ್ಲಿ ರಾಗಿಯೂ ಇದೆ ಎಂದು ನಾವೇ ಹೇಳಿದೆವು. "ರಾಗೀನಾ? ರಾಗೀಲೂ ಬೀರ್ ಮಾಡ್ತಾರಾ?" ಎಂದವನು ಒಂದು ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ಚೀಲದ ಬಾಯಿ ಕಟ್ಟಿ ಗಾಡಿಗೆ ಎಸೆದ. ಹಾಲು ಕರೆಯುವ ಹೊತ್ತಿಗೆ ಊರು ಮುಟ್ಟಬೇಕಿತ್ತು ಅವನಿಗೆ.